ಆರನೆಯ ಹಾಡಿನ ಟ್ರಂಪೆಟ್

ಹಗಲಲ್ಲಿ ಅವನು ಗ್ಯಾರೇಜಿನ ಟಿಂಕರ್. ಯಾರೋ ಎಲ್ಲೋ ಗುದ್ದಿಸಿಕೊಂಡು ತಂದ ಕಾರಿನ ಬಾಗಿಲನ್ನು ಒಳಗಿನಿಂದ ತಟ್ಟಿ ತಟ್ಟಿ ನೆಟ್ಟಗೆ ಮಾಡುವುದು ಕೆಲಸ. ಮದುವೆ ಕಾಲ ಬಂದರೆ ಕೆಂಪು ಕೋಟು ತೊಟ್ಟು ಬ್ಯಾಂಡಿನ ಮುಂದೆ ನಿಂತು ಟ್ರಂಪೆಟ್ ಊದುತ್ತಿದ್ದ. ಬೀದಿಯವರಿಗೆಲ್ಲ ಅವನು ಪೀಪಿ ಮಾಮ. ಪಕ್ಕದಲ್ಲಿ ಎರಡನೆಯ ಟ್ರಂಪೆಟ್ ಊದುತ್ತಿದ್ದವನು ಅವನ ಹೆಂಡತಿಯ ತಮ್ಮ. ಇಬ್ಬರೂ ಒಂದೇ ಸ್ಕೂಟರಿನಲ್ಲಿ ಹೋಗಿ, ನುಡಿಸುವಾಗ ಯಾರು ಯಾರನ್ನು ಬಿಟ್ಟು ಮುಂದೆ ಓಡಿದರು ಎಂದು ಜಗಳವಾಡುತ್ತ ಅದೇ ಸ್ಕೂಟರಿನಲ್ಲಿ ವಾಪಸಾಗುತ್ತಿದ್ದರು.

ಒಂದು ಮದುವೆಗೆ ಹೆಸರಾಂತ ಪಾಪ್ ಗಾಯಕಿಯೊಬ್ಬಳು ಬಂದಿದ್ದಳು, ಮದುಮಗಳ ಗೆಳತಿಯಾಗಿ. ಜನ ಇನ್ನೂ ಸೇರುತ್ತಿದ್ದರು. ಪೀಪಿ ಮಾಮ ಹೊತ್ತು ಕಳೆಯಲೆಂದು ಏನನ್ನೋ ಊದುತ್ತಿದ್ದ. ನಿಲ್ಲಿಸಿದ್ದ ಕಾರುಗಳ ನಡುವೆ ನುಸುಳಿಕೊಂಡು ಗಾಯಕಿ ಹತ್ತಿರ ಬಂದಳು.

"ಇದ್ಯಾವ ಹಾಡು ಸರ್?"

"ಹಾಡಲ್ಲ ಮೇಡಂ. ಬಾಯಿಗೆ ಬಂದದ್ದು ಊದ್ತಿದ್ದೆ."

"ಇನ್ನೊಂದ್ಸಲ ಊದ್ತೀರಾ?"

ಅವಳು ಆಗ ಹೊಸ ಆಲ್ಬಂ ಮಾಡುತ್ತಿದ್ದಳು. ಒಂದೊಂದು ಹಾಡಿಗೂ ಬೇರೆ ಬೇರೆ ಬಗೆಯ ಸಂಗೀತದ ಒಬ್ಬ ಅತಿಥಿ. ಒಂದರಲ್ಲಿ ರ‍್ಯಾಪ್ ಹಾಡುವವನು, ಇನ್ನೊಂದರಲ್ಲಿ ಪಿಟೀಲಿನವರು, ಮತ್ತೊಂದರಲ್ಲಿ ಮುದುಕ ಜಾನಪದ ಗಾಯಕ. ಆರನೆಯ ಹಾಡಿಗೆ ಪೀಪಿ ಮಾಮನ ಟ್ರಂಪೆಟ್, ಅವತ್ತು ಊದಿದ ಅದೇ ಧಾಟಿ, ಎಂದು ನಿಗದಿಯಾಯಿತು. ಸುದ್ದಿ ಕೇಳಿ ಹೆಂಡತಿ ನಕ್ಕಳು. "ಇಷ್ಟು ವರ್ಷ ನನ್ನ ತಲೆನೋವಿಗೆ ಕಾರಣ ಆಗಿದ್ದು ಈಗ ಊರಿಗೆಲ್ಲ ಹಂಚ್ತೀರಾ?"

ರೆಕಾರ್ಡಿಂಗಿಗೆ ಕೆಲವೇ ದಿನ ಉಳಿದಿದ್ದವು. ಒಂದು ಬೆಳಿಗ್ಗೆ ಪೀಪಿ ಮಾಮ ಬಾಯಿ ಮುಕ್ಕಳಿಸುವಾಗ ನೀರು ಎಡಗಡೆಯಿಂದ ತಾನಾಗಿಯೇ ಸುರಿಯಿತು. ಕನ್ನಡಿಯಲ್ಲಿ ಅರ್ಧ ಮುಖ ಜೋತುಬಿದ್ದಿತ್ತು. ಎಡಗಣ್ಣು ಮುಚ್ಚುತ್ತಿರಲಿಲ್ಲ. ಡಾಕ್ಟರು ಮುಖದ ನರ ಊದಿಕೊಂಡಿದೆ ಎಂದರು. ಮಾತ್ರೆ ಬರೆದುಕೊಟ್ಟರು, ತಾನಾಗಿಯೇ ಸರಿಹೋಗುತ್ತದೆ, ತಿಂಗಳುಗಟ್ಟಲೆ ಹಿಡಿಯಬಹುದು ಎಂದರು. ಹೆಂಡತಿ ಟ್ರಂಪೆಟ್ ವಿಷಯ ಎತ್ತಿದಳು.

"ಊದೋದಿರಲಿ ತಾಯಿ, ಮೊದಲು ಕಣ್ಣು ಮುಚ್ಚೋ ಹಾಗಾಗ್ಲಿ," ಎಂದರು ಡಾಕ್ಟರು.

ಗಾಯಕಿಯ ಮ್ಯಾನೇಜರಿಗೆ ಫೋನು ಮಾಡಿದರೆ, ದಿನ ಮುಂದೂಡಲು ಆಗುವುದಿಲ್ಲ, ಬಂದು ನೋಡಿ, ಆದಷ್ಟು ಆಗಲಿ ಎಂದ. ಧೈರ್ಯಕ್ಕಿರಲಿ ಎಂದು ಪೀಪಿ ಮಾಮ ಭಾವಮೈದುನನನ್ನೂ ಕರೆದುಕೊಂಡು ಹೋದ.

ಗೋಡೆಗೆಲ್ಲ ಕಪ್ಪು ಸ್ಪಂಜು ಅಂಟಿಸಿದ ಚಿಕ್ಕ ಕೋಣೆ. ಗಾಜಿನ ಆಚೆ ಗಾಯಕಿ, ಮ್ಯಾನೇಜರ್, ಯಂತ್ರದ ಮುಂದೆ ಒಬ್ಬ. ಪೀಪಿ ಮಾಮ ಟ್ರಂಪೆಟ್ಟನ್ನು ತುಟಿಗಿಟ್ಟು ಊದಿದ. ಗಾಳಿ ಬಾಯಿಯ ಮೂಲೆಯಿಂದ ಪುಸ್ಸೆಂದು ಹೋಯಿತು. ಮೂಲೆಯನ್ನು ಬೆರಳಿನಿಂದ ಒತ್ತಿ ಹಿಡಿದು ಊದಿದ. ಕರು ಅರಚಿದಂಥ ಸದ್ದು ಬಂತು. ಮತ್ತೆ ಊದಿದ. ಎದೆ ತುಂಬ ಉಸಿರಿತ್ತು, ಬೆರಳುಗಳಿಗೆ ಎಲ್ಲ ಗೊತ್ತಿತ್ತು, ತುಟಿ ಮಾತ್ರ ಅವನದಲ್ಲದ ಹಾಗೆ ಸುಮ್ಮನೆ ಬಿದ್ದಿತ್ತು. ಗಾಯಕಿ ಒಳಗೆ ಬಂದು ಅವನ ಭುಜ ಮುಟ್ಟಿದಳು.

"ಪರವಾಗಿಲ್ಲ ಸರ್."

ಅವಳು ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

"ನನ್ನ ಬಾಮೈದ ಊದ್ತಾನೆ," ಎಂದ ಪೀಪಿ ಮಾಮ. ಆ ಬಾಯಿಯಿಂದ ಅದು "ಹಾಹೈದ" ಎಂದು ಬಂತು. ಯಾರಿಗೂ ತಿಳಿಯಲಿಲ್ಲ. ಎರಡು ಮೂರು ಸಲ ಹೇಳಿ ಸೋತು, ಕೊನೆಗೆ ಬೆರಳು ಮಾಡಿ ತೋರಿಸಿದ.

ಭಾವಮೈದುನ ಹೆದರುತ್ತಲೇ ನಿಂತ. ಆ ಮದುವೆಯ ದಿನದಿಂದ ಪೀಪಿ ಮಾಮ ಗುನುಗುತ್ತಿದ್ದ ಧಾಟಿಯನ್ನು ಸ್ಕೂಟರಿನಲ್ಲಿ, ಬೀದಿಯಲ್ಲಿ, ಅಕ್ಕನ ಅಡುಗೆಮನೆಯಲ್ಲಿ ಕೇಳಿ ಕೇಳಿ ಅವನಿಗೆ ಬಾಯಿಪಾಠವಾಗಿತ್ತು. ಚೆನ್ನಾಗಿಯೇ ಊದಿದ. ನಡುವೆ ಒಂದು ಕಡೆ ಸ್ವರ ಜಾರಿ ಇಳಿಯಬೇಕಿತ್ತು, ಅಲ್ಲಿ ಅವನು ನೆಟ್ಟಗೆ ಇಳಿದ. ಪೀಪಿ ಮಾಮ ಹೇಳಲು ಕೈ ಎತ್ತಿದ. ಅಷ್ಟರಲ್ಲಿ ಗಾಜಿನ ಆಚೆ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಎತ್ತಿದ ಕೈಯಲ್ಲಿ ತಲೆ ಕೆರೆದುಕೊಂಡ.

ಆಲ್ಬಂ ಬಂತು. ಆರನೆಯ ಹಾಡಿನ ಕೆಳಗೆ ಪೀಪಿ ಮಾಮನ ಹೆಸರಿತ್ತು. ಮದುವೆಯ ದಿನ ತೆಗೆದ ಅವನ ಫೋಟೋ ಇತ್ತು. ಭಾವಮೈದುನ ಅಕ್ಕನ ಮನೆಯಲ್ಲಿ ಚಹಾ ಕುಡಿಯುತ್ತ ಮೊಬೈಲಿನಲ್ಲಿ ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಹುಡುಕಿದ.

"ನಿಮ್ದೇ ಹಾಕಿದ್ದಾರೆ ಭಾವ. ಚೆನ್ನಾಗಿದೆ ಫೋಟೋ."

ಚಹಾ ಅರ್ಧಕ್ಕೇ ಬಿಟ್ಟು ಎದ್ದುಹೋದ. ಪೀಪಿ ಮಾಮ ಕೂಡಲೇ ಮ್ಯಾನೇಜರಿಗೆ ಫೋನು ಮಾಡಿದ. ಧಾಟಿ ನಿಮ್ಮದೇ ತಾನೇ, ಹೆಸರುಗಳೆಲ್ಲ ಮೊದಲೇ ಕಂಪನಿಗೆ ಹೋಗಿಬಿಟ್ಟಿದ್ದವು, ನೋಡೋಣ ಎಂದ ಆತ. ಆಮೇಲೆ ಫೋನು ಎತ್ತುವುದನ್ನೇ ಬಿಟ್ಟ. ಗ್ಯಾರೇಜಿಗೆ ಬಂದವರೆಲ್ಲ ಬೆನ್ನು ತಟ್ಟುತ್ತಿದ್ದರು. "ಊದಿದ್ದು ನಾನಲ್ಲ" ಎಂದು ತೊದಲಿದರೆ, "ಎಷ್ಟು ಸಂಕೋಚ ನೋಡಿ ಮನುಷ್ಯನಿಗೆ" ಎನ್ನುತ್ತಿದ್ದರು.

"ತಮ್ಮ ನನ್ನ ಹತ್ರ ಮಾತು ಬಿಟ್ಟಿದ್ದಾನೆ," ಎಂದಳು ಹೆಂಡತಿ. "ಅವನ ತಪ್ಪೂ ಇಲ್ಲ, ನಿಮ್ಮ ತಪ್ಪೂ ಇಲ್ಲ. ಯಾರಿಗೆ ಬೈಲಿ ನಾನು?"

ಆಮೇಲೆ ಗಾಯಕಿಯೇ ಫೋನು ಮಾಡಿದಳು. ದೊಡ್ಡ ಮೈದಾನದಲ್ಲಿ ಕಾರ್ಯಕ್ರಮ, ಅತಿಥಿಗಳೆಲ್ಲ ಬರುತ್ತಿದ್ದಾರೆ, ನೀವೂ ಬನ್ನಿ ಎಂದಳು. ಇನ್ನೂ ಊದಲು ಆಗುವುದಿಲ್ಲ, ಬಾಮೈದನನ್ನು ಕರೆಯಿರಿ ಎಂದ.

"ಜನ ನಿಮ್ಮನ್ನು ನೋಡ್ಬೇಕು ಅಂತಾರೆ ಸರ್. ರೆಕಾರ್ಡಿಂಗ್ ಹಾಕ್ತೀವಿ. ನೀವು ಟ್ರಂಪೆಟ್ ಹಿಡ್ಕೊಂಡು ನಿಂತ್ರೆ ಸಾಕು. ನನಗೋಸ್ಕರ."

ಅಷ್ಟು ಮೆತ್ತಗೆ ಕೇಳಿದವಳಿಗೆ ಇಲ್ಲ ಎನ್ನಲು ಅವನಿಗೆ ಬಾಯಿ ಬರಲಿಲ್ಲ.

ವೇದಿಕೆಯ ಬೆಳಕಿನಲ್ಲಿ ಟ್ರಂಪೆಟ್ಟನ್ನು ತುಟಿಗಿಟ್ಟು ನಿಂತ. ಭಾವಮೈದುನ ಊದಿದ್ದು ಮೈದಾನದ ತುಂಬ ಹರಡಿತು. ಅವನು ಎಲ್ಲಿ ಉಸಿರೆಳೆಯುತ್ತಾನೆಂದು ಪೀಪಿ ಮಾಮನಿಗೆ ಗೊತ್ತಿತ್ತು. ಅಲ್ಲೆಲ್ಲ ತಾನೂ ಉಸಿರೆಳೆದುಕೊಂಡ. ಬೆರಳುಗಳು ಒಂದು ಸ್ವರವನ್ನೂ ತಪ್ಪಿಸಲಿಲ್ಲ. ಮುಂದಿನ ಸಾಲಿನಲ್ಲಿ ಹೆಂಡತಿ ತಲೆ ತಗ್ಗಿಸಿ ಕೂತಿದ್ದಳು. ಅವಳ ಪಕ್ಕದ ಕುರ್ಚಿ ಖಾಲಿಯಿತ್ತು.

ಮರುದಿನ ಭಾವಮೈದುನನ ಮನೆಗೆ ಹೋದ. ಅವನ ಹೆಂಡತಿ ಅರ್ಧ ಬಾಗಿಲು ತೆರೆದಳು. "ಮಲಗಿದ್ದಾರೆ ಅಣ್ಣ," ಎಂದಳು. ಒಳಗಿಂದ ಟೀವಿಯ ಚಾನೆಲ್ ಬದಲಾಗುವ ಸದ್ದು ಬರುತ್ತಿತ್ತು. ಸ್ವಲ್ಪ ಹೊತ್ತು ಹೊಸಿಲ ಹೊರಗೆ ನಿಂತಿದ್ದು ವಾಪಸು ಬಂದ.

ಚಳಿಗಾಲದ ಹೊತ್ತಿಗೆ ಪೀಪಿ ಮಾಮನ ಬಾಯಿ ಬಹುಮಟ್ಟಿಗೆ ನೆಟ್ಟಗಾಯಿತು. ಬ್ಯಾಂಡಿಗೆ ಮರಳಿದ. ಎಲ್ಲ ಮದುವೆಯಲ್ಲೂ ಅದೇ ಹಾಡು ಕೇಳುತ್ತಾರೆ, ಊದುತ್ತಾನೆ. ಎತ್ತರದ ಸ್ವರಗಳಿಗೆ ಈಗಲೂ ತುಟಿ ನಿಲ್ಲುವುದಿಲ್ಲ. ಭಾವಮೈದುನ ಬೇರೆ ಬ್ಯಾಂಡು ಸೇರಿದ. ವರ್ಷ ಕಳೆದ ಮೇಲೆ ಅಕ್ಕನ ಮುಖ ನೋಡಿ ಮತ್ತೆ ಮನೆಗೆ ಬರತೊಡಗಿದ. ಇಬ್ಬರೂ ಎದುರುಬದುರು ಕೂತು ಸ್ಕೂಟರಿನ ಬ್ರೇಕು, ಬಿಸಿಲು, ಮಕ್ಕಳ ಓದು ಎಂದು ಮಾತಾಡುತ್ತಾರೆ. ಟ್ರಂಪೆಟ್ಟಿನ ಸುದ್ದಿ ಎತ್ತುವುದಿಲ್ಲ. ಹಾಗಾಗಿ ಮಾತು ಬೇಗ ಮುಗಿದುಹೋಗುತ್ತದೆ.