ಎರಡನೇ ಬ್ರೇಕು

ನಮ್ಮ ಚಿಕ್ಕಮ್ಮ ಇಪ್ಪತ್ತೆರಡು ವರ್ಷದಿಂದ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಾಳೆ. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ಅಲ್ಲಿರುವ ಎರಡನೇ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಅವಳ ಅರ್ಧ ಆಯುಸ್ಸು ಕಳೆದಿದೆ. ಹಾಗಾಗಿ ಯಾರನ್ನೂ ನಂಬುವುದಿಲ್ಲ. ಸಕ್ಕರೆ ಹಾಕಿದ್ದೇನೆ ಎಂದರೂ ಕಾಫಿಯ ರುಚಿ ನೋಡಿಯೇ ಕುಡಿಯುತ್ತಾಳೆ.

ಇಷ್ಟು ದಿನ ಬಸ್ಸಿನಲ್ಲೇ ಓಡಾಡಿದವಳು ದಿನಾ ಕೆಲಸಕ್ಕೆ ಹೋಗಿಬರಲು ಹೊಸ ಸ್ಪೋರ್ಟ್ಸ್ ಕಾರೇ ಬೇಕೆಂದು ಹಟ ಹಿಡಿದಳು. ಶೋರೂಮಿಗೆ ಜೊತೆ ಹೋಗುವ ಕರ್ಮ ನನ್ನದು. ಕೆಂಪು ಕಾರು, ಎರಡೇ ಬಾಗಿಲು, ಕೈಗೆಟುಕುವ ಬೆಲೆ. ಆ ಬೆಲೆಯೇ ಅವಳ ಮೊದಲ ಅನುಮಾನ.

"ಇಷ್ಟು ಕಡಿಮೆಗೆ ಯಾಕೆ ಕೊಡ್ತಿದ್ದೀರಿ? ಒಳಗಡೆ ಏನು ಕಿತ್ತಿದ್ದೀರಿ?"

"ಏನೂ ಕಿತ್ತಿಲ್ಲ ಮೇಡಂ, ಇಂಜಿನ್ ಸ್ವಲ್ಪ ಚಿಕ್ಕದು ಅಷ್ಟೆ," ಎಂದ ಸೇಲ್ಸ್‌ಮನ್.

"ಹಂಪ್ ಮೇಲೆ ಹೊಟ್ಟೆ ಉಜ್ಜಲ್ವಾ?"

"ಇಲ್ಲ ಮೇಡಂ."

ಚಿಕ್ಕಮ್ಮ ಮಂಡಿಯೂರಿ ಕಾರಿನಡಿ ಗೇಣು ಹಾಕಿ ಅಳೆದಳು. ಡಿಕ್ಕಿಯಲ್ಲಿ ತನ್ನ ಚೀಲ ಇಟ್ಟು ಮುಚ್ಚಿ ನೋಡಿದಳು. ಹುಳುಕು ಸಿಗಲಿಲ್ಲವೆಂದು ಮುಖ ಇನ್ನಷ್ಟು ಗಂಟಾಯಿತು.

"ಒಂದು ರೌಂಡ್ ಓಡಿಸಿ ನೋಡಿ," ಎಂದು ಅವನು ಕೀಲಿ ಕೊಟ್ಟ. ಅವಳು ಬಾಗಿಲು ತೆಗೆದು ಧಡ್ಡನೆ ಕೂತು, ಬೆಲ್ಟ್ ಬಿಗಿದು, ಕೆಳಗೆ ಕಾಲಾಡಿಸಿದಳು.

"ನೋಡಿದ್ಯಾ!" ಎಂದು ಗೆದ್ದವಳಂತೆ ನನ್ನ ಕಡೆ ತಿರುಗಿದಳು. "ಬ್ರೇಕನ್ನೇ ಕಿತ್ತಿದ್ದಾರೆ!"

"ಚಿಕ್ಕಮ್ಮಾ, ಸ್ಟೀರಿಂಗ್ ಆ ಕಡೆ ಇದೆ."

ಅವಳು ಆ ಖಾಲಿ ಸೀಟನ್ನೇ ನೋಡಿದಳು.

"ಅಲ್ಲಿ ಯಾರು ಕೂತ್ಕೋತಾರೆ?"

"ನೀನೇ."

ಚಿಕ್ಕಮ್ಮ ತನ್ನ ಎರಡೂ ಕೈಗಳನ್ನು ನೋಡಿಕೊಂಡಳು. ಆ ಕಾರನ್ನು ಕೂಡ ಅವಳು ಅಷ್ಟು ಅನುಮಾನದಿಂದ ನೋಡಿರಲಿಲ್ಲ.