ಮೊಂಡಕ್ಕನ ತಣ್ಣನೆ ಮೋಟಾರು

ಮಾಲು ನೋಡಿ ಬೆಲೆ ಕಟ್ಟುವವನ ಕಣ್ಣಿಗೆ ಮೊಂಡಕ್ಕ ಅಷ್ಟೇನೂ ಲಾಭದ ಸರಕಲ್ಲ. ಎತ್ತರ ಐದಡಿಗೆ ಎರಡು ಬೆರಳು ಕಮ್ಮಿ. ನಗು ವರ್ಷಕ್ಕೊಮ್ಮೆ, ಚೌಕಾಸಿ ದಿನಕ್ಕೆ ಮೂರು ಸಲ. ಅಂಗೈ ಮಾತ್ರ ಗಟ್ಟಿ ಮಾಲು. ದೋಣಿಯ ಮೋಟಾರಿನ ಹಗ್ಗ ಎಳೆದೆಳೆದು ಹದಗೊಂಡ ಚರ್ಮ, ಇನ್ನೂ ಮೂವತ್ತು ವರ್ಷ ಬಾಳಿಕೆ ಬಂದೀತು. ದೋಣಿಗಳು ನಿಲ್ಲುವ ದಕ್ಕೆಯ ಎದುರು ಮೋಟಾರಿನ ಬಿಡಿಭಾಗ ಮಾರುವ, ಈಗ ಇದನ್ನು ಬರೆಯುತ್ತಿರುವ ಅಂಗಡಿಯವ ಅವಳನ್ನು ಹೀಗೆ ತೂಗಿಟ್ಟಿದ್ದ.

ಅಪ್ಪನಿಂದ ಬಂದ ದೋಣಿ, ಅದರ ಬೆನ್ನಿಗೆ ಸಿಕ್ಕಿಸಿದ ಮೋಟಾರು, ಇವೇ ಅವಳ ಆಸ್ತಿ. ದಿನಾ ಬೆಳಕು ಹರಿಯುವ ಮುಂಚೆ ಹನ್ನೊಂದು ಜನ ಹೆಂಗಸರನ್ನು ಹೊಳೆಯಾಚೆಯ ಗಿರಣಿಗೆ ದಾಟಿಸುವುದು ಅವಳ ಕೆಲಸ. ಆ ಚಳಿಗಾಲದಲ್ಲಿ ಮೋಟಾರು ಬೆಳಗಿನ ಹೊತ್ತು ಕೆಮ್ಮತೊಡಗಿತು. ಗೇರು ಹಾಕಿದರೆ ಗಪ್‌ಚುಪ್. ಎರಡು ಸಲ ನಡುಹೊಳೆಯಲ್ಲೇ ಕೈಕೊಟ್ಟಿತು. ಮಧ್ಯಾಹ್ನ ಮಾತ್ರ ಏನೂ ಅರಿಯದ ಮಗುವಿನಂತೆ ಓಡುತ್ತಿತ್ತು.

ಹಾಗೆ ಎರಡನೆಯ ಸಲ ಕೈಕೊಟ್ಟು, ಕೆಲಸದ ಸೈರನ್ ಕೂಗಿದ ಮೇಲೆ ತಲುಪಿದಾಗ ಗಿರಣಿಯ ಮೇಲ್ವಿಚಾರಕ ಗೇಟಿನಲ್ಲೇ ಅಂದ: "ಸೋಮವಾರವೂ ಹಿಂಗೇ ಆದ್ರೆ ಈ ಕೆಲಸ ದೊಡ್ಡ ಬೋಟಿನವನಿಗೆ ಕೊಟ್ಬಿಡ್ತೀನಮ್ಮ. ಬೇಜಾರು ಮಾಡ್ಕೋಬೇಡ."

ಅಂದು ಶುಕ್ರವಾರ.

ಅವಳು ನೇರ ಅಂಗಡಿಗೆ ಬಂದಳು. ಪ್ಲಗ್ಗು ಎರಡು ಜೊತೆ, ಪೆಟ್ರೋಲ್ ಪೈಪು, ಕಾರ್ಬುರೇಟರಿನ ಸಾಮಾನು, ಎಲ್ಲವೂ ಇಲ್ಲಿಂದಲೇ ಹೋಗಿದ್ದವು. ಅಂಗಡಿಯವ ಹಲ್ಲು ಕಿರಿದು ಹೇಳಿದ: "ಪೆಟ್ರೋಲ್ ಪಂಪೊಂದು ಹಾಕಿ ನೋಡಕ್ಕ."

"ನೀನು ಹೇಳಿದ್ದೆಲ್ಲ ಹಾಕಿದ್ದಾಯ್ತು. ಇನ್ನು ನಿನ್ನ ಅಂಗಡಿ ಬೋರ್ಡೊಂದು ಬಾಕಿ," ಎಂದು ಬರಿಗೈಯಲ್ಲಿ ಹೊರಟಳು.

ಗಿರಣಿಗೆ ರಜೆಯಿದ್ದ ಶನಿವಾರ ಬೆಳಿಗ್ಗೆ ದೋಣಿಯನ್ನು ದಕ್ಕೆಗೆ ಬಿಗಿದು ಮೋಟಾರು ಶುರು ಮಾಡಿದಳು. ಒಂದು ಸಲಕ್ಕೆ ಒಂದೇ ಪರೀಕ್ಷೆ ಎಂಬುದು ಅವಳ ಹಟ. ಕೆಮ್ಮುವಾಗ ಪೆಟ್ರೋಲನ್ನು ಒತ್ತಿ ಕಳಿಸುವ, ಪೈಪಿನ ನಡುವಿನ ರಬ್ಬರ್ ಬುರುಡೆ ಹಿಸುಕಿದಳು, ವ್ಯತ್ಯಾಸವಿಲ್ಲ. ಹಾಗಾದರೆ ಪೆಟ್ರೋಲಿಗೆ ಬರವಿಲ್ಲ. ಪ್ಲಗ್ಗು ಬಿಚ್ಚಿದಳು: ಹೊಸದೇ, ಆದರೂ ಒದ್ದೆ ಮಸಿ. ಮತ್ತೆ ಓಡಿಸಿದಳು. ಕಾಲು ಗಂಟೆಯಾದ ಮೇಲೆ ಮೋಟಾರಿನ ತಲೆಯ ಮೇಲೆ ಅಂಗೈ ಇಟ್ಟರೆ ಮಣ್ಣಿನ ಹೂಜಿಯ ಹಾಗೆ ತಣ್ಣಗಿತ್ತು.

ಕೈ ಒರೆಸಿಕೊಂಡು, ಸೀದಾ ಪಕ್ಕದಲ್ಲಿ ಕಟ್ಟಿದ್ದ ದೊಡ್ಡ ಬೋಟಿಗೆ ಹತ್ತಿದಳು. ಅದಕ್ಕೂ ಅದೇ ಕಂಪನಿಯ ಮೋಟಾರು, ಶುರುವಾಗಿ ಐದು ನಿಮಿಷವಷ್ಟೇ ಆಗಿತ್ತು. ಹೇಳದೆ ಕೇಳದೆ ಅದರ ತಲೆಗೆ ಕೈ ಇಟ್ಟಳು.

"ಏನಕ್ಕಾ, ಜ್ವರ ನೋಡ್ತೀಯಾ?" ಬೋಟಿನವನು ನಕ್ಕ.

"ನಿಂದಕ್ಕೆ ಐದೇ ನಿಮಿಷಕ್ಕೆ ಜ್ವರ ಬಂತು. ನಂದಕ್ಕೆ ಬರ್ತಾನೇ ಇಲ್ಲ. ಅದೇ ನಂದರ ಕಾಯಿಲೆ."

ವಾಪಸು ಬಂದು ಮೋಟಾರಿನ ತಲೆಯ ಚಿಕ್ಕ ಮುಚ್ಚಳ ಬಿಚ್ಚಿದಳು. ಒಳಗೆ ಖಾಲಿ. ಅಲ್ಲಿ ಥರ್ಮೋಸ್ಟಾಟ್ ಇರಬೇಕಿತ್ತು: ಇಂಜಿನ್ ಬಿಸಿಯಾಗುವ ತನಕ ಹೊಳೆಯ ತಣ್ಣೀರನ್ನು ತಡೆದು ನಿಲ್ಲಿಸುವ, ಹೆಬ್ಬೆರಳು ಗಾತ್ರದ ಹಿತ್ತಾಳೆ ಬಾಗಿಲು. ಅದಿಲ್ಲದೆ ಚಳಿಯ ಬೆಳಗಿನ ನೀರಿಗೆ ಇಂಜಿನ್ ಬಿಸಿಯೇರದು, ಪೆಟ್ರೋಲು ಪೂರ್ತಿ ಉರಿಯದೆ ಪ್ಲಗ್ಗಿಗೆ ಒದ್ದೆ ಮಸಿ ಹಿಡಿಯುತ್ತದೆ. ನಮ್ಮ ದಕ್ಕೆಯಲ್ಲಿ ಬೇಸಿಗೆ ಬಂತೆಂದರೆ ಅದನ್ನು ಕಿತ್ತೆಸೆಯುವುದೇ ಜಾಣತನ. ತಂಪಾಗಿದ್ದಷ್ಟೂ ಮೋಟಾರಿಗೆ ಆಯಸ್ಸು ಎಂದು ಎಲ್ಲರ ನಂಬಿಕೆ. ದೊಡ್ಡ ಬೋಟಿನವನು ಸೋಮಾರಿಯಾದ್ದರಿಂದ ಏನನ್ನೂ ಬಿಚ್ಚಿರಲಿಲ್ಲ, ಬಚಾವಾಗಿದ್ದ.

"ಬೇಸಿಗೇಲಿ ಇದನ್ನ ತೆಗೆದು ಬಿಸಾಕು ಅಂದಿದ್ದು ಯಾರು?" ಅಂಗಡಿಯ ಮೆಟ್ಟಿಲಿನಿಂದಲೇ ಕೇಳಿದಳು.

ಅಂಗಡಿಯವನಿಗೆ ಕಪಾಟಿನಲ್ಲಿ ತುರ್ತಾಗಿ ಏನೋ ಹುಡುಕಬೇಕೆನಿಸಿತು. "ಎಲ್ಲರೂ ತೆಗೀತಾರಲ್ಲಕ್ಕ..."

"ಎಲ್ಲರೂ ಬಿಸಿಲೇರಿದ ಮೇಲೆ ಹೊರಡ್ತಾರೆ. ನಾನು ಹೊರಡೋದು ಕತ್ತಲಲ್ಲಿ. ಹೊಸದೊಂದು ಕೊಡು."

ಕೊಂಡದ್ದನ್ನೂ ನಂಬಲಿಲ್ಲ ಅವಳು. ಮನೆಗೊಯ್ದು ದಾರ ಕಟ್ಟಿ ಕುದಿಯುವ ನೀರಿನ ಪಾತ್ರೆಗೆ ಇಳಿಬಿಟ್ಟಳು. ಅತ್ತೆ ಇಣುಕಿ ಕೇಳಿದರು: "ಉಪ್ಪು ಖಾರ ಹಾಕ್ಲೇನೇ?"

"ಬಾಯಿ ಬಿಡುತ್ತೋ ಇಲ್ವೋ ನೋಡ್ಬೇಕು, ಅತ್ತೆ."

"ನಿನ್ನ ಗಂಡನ್ನೂ ಹಿಂಗೇ ಒಂದ್ಸಲ ಅದ್ದು. ಮೂರು ದಿನದಿಂದ ಬಾಯೇ ಬಿಟ್ಟಿಲ್ಲ."

ಗಂಡ ಮೂಲೆಯಲ್ಲಿ ಬೂಟಿಗೆ ಹೊಲಿಗೆ ಹಾಕುತ್ತಿದ್ದವನು ತಲೆ ಎತ್ತಲಿಲ್ಲ. ಹಿತ್ತಾಳೆಯ ತುಂಡು ನಿಧಾನಕ್ಕೆ ತೆರೆಯಿತು. ತಣ್ಣೀರಿಗೆ ಹಾಕಿದರೆ ಮುಚ್ಚಿತು. ಭಾನುವಾರ ಕೂರಿಸಿ ಬೋಲ್ಟು ಬಿಗಿದಳು.

ಸೋಮವಾರ ಚಳಿ ಕೊರೆಯುತ್ತಿತ್ತು. ಹೆಂಗಸರು ಹತ್ತಿ ಕುಳಿತರು. ಒಬ್ಬಳಂತೂ ಹುಟ್ಟನ್ನು ಮಡಿಲಲ್ಲೇ ಇಟ್ಟುಕೊಂಡಳು. ಮೊಂಡಕ್ಕ ಐದು ನಿಮಿಷ ಮೋಟಾರನ್ನು ನಿಂತಲ್ಲೇ ಓಡಿಸಿ, ಅಂಗೈ ಇಟ್ಟು, ಚುರುಕ್ಕೆಂದು ತೆಗೆದಳು. ಗೇರು ಹಾಕಿದಳು. ಕೆಮ್ಮಲಿಲ್ಲ. ನಡುಹೊಳೆ ದಾಟಿತು. ಸೈರನ್ನಿಗೆ ಎಂಟು ನಿಮಿಷ ಮೊದಲೇ ಗೇಟು ತಲುಪಿದರು. ಮೇಲ್ವಿಚಾರಕ ಗಡಿಯಾರ ನೋಡಿದ, ಅವಳನ್ನು ನೋಡಿದ, ಒಳಗೆ ಹೋದ. ಆ ಕೆಲಸ ಇಂದಿಗೂ ಅವಳ ಕೈಯಲ್ಲೇ ಇದೆ.

ಅಂಗಡಿಯವ ಈಗ ಬಂದವರಿಗೆಲ್ಲ "ಥರ್ಮೋಸ್ಟಾಟ್ ಮಾತ್ರ ತೆಗೀಬೇಡಿ" ಎನ್ನುತ್ತಾನೆ, ತನ್ನದೇ ಬುದ್ಧಿ ಎಂಬಂತೆ. ತೆಗೆಸಿದ್ದು ತಾನು, ಪತ್ತೆ ಮಾಡಿದ್ದು ಅವಳು ಎಂದು ದಕ್ಕೆಯ ಮೇಲೆ ನಾಲ್ಕು ಜನರೆದುರು ಹೇಳಬೇಕಾದ ಮಾತು ಅವಳಿಗೆ ಇನ್ನೂ ಸಲ್ಲಬೇಕಿದೆ.