ಮಾದೇವಿಯ ಡಬ್ಬಿಗೆ ನಾನು ತುಂಬಿದ ಕೆಂಪು

ಮಾದೇವಿ, ನಿನ್ನ ಅವ್ವನ ಹಣೆಯ ಕುಂಕುಮ ಅಳಿಸಿದವಳು ನೀನಲ್ಲ, ನಾನು. ನೀನು ಬರೆದ ಚಿತ್ರದಲ್ಲಿದ್ದ ಕುಂಕುಮದ ಮಾತು ಹೇಳುತ್ತಿದ್ದೇನೆ — ಆದರೆ ನಿಮ್ಮ ಮನೆಯಲ್ಲಿ ಚಿತ್ರದ ಕುಂಕುಮಕ್ಕೂ ಹಣೆಯ ಕುಂಕುಮಕ್ಕೂ ಅಂತರವೇ ಉಳಿಯಲಿಲ್ಲವಲ್ಲ.

ವಿಜಾಪುರ ರಸ್ತೆಯ ನಮ್ಮ ಬಣ್ಣದ ಅಂಗಡಿಗೆ ನೀನು ಮಂದ್ರೂಪದಿಂದ ಬಸ್ಸಿನಲ್ಲಿ ಬರುತ್ತಿದ್ದೆ. ರವಿವಾರ ಇಬ್ಬರೂ ಅಕ್ಕಲಕೋಟೆಯ ಕಡೆ ಹೋಗಿ, ಹೊಲದ ಬದುವಿನ ಮೇಲೆ ಕೂತು ಜಲವರ್ಣದ ಚಿತ್ರ ಬರೆಯುತ್ತಿದ್ದೆವು. ಒಂದು ಸಲ ನೀನು ಅಂಗೈಯಗಲದ ತಗಡಿನ ಡಬ್ಬಿ ತಂದು, ತಿರುಗಾಟಕ್ಕೆ ಒಯ್ಯುವಂತೆ ಬಣ್ಣ ಆರಿಸಿ ತುಂಬಿಕೊಡಿ ಎಂದೆ. ಅದರಲ್ಲಿ ಬಣ್ಣ ತುಂಬಲು ಇದ್ದದ್ದು ಎಂಟೇ ಗುಳಿ. ಎರಡು ನೀಲಿ, ಎರಡು ಹಳದಿ, ಜೋಳದ ಹೊಲಕ್ಕೆ ಕಾವಿ ಮಣ್ಣು... ನಾನು ಟ್ಯೂಬಿನಿಂದ ಹಿಂಡುತ್ತ ಹೋದೆ. ಹಸಿರಿಗೇಕೆ ಜಾಗ ಕೊಡಬೇಕು, ಕಲಸಿಕೊಂಡರಾಯಿತು ಎಂದು ದೊಡ್ಡಸ್ತಿಕೆಯ ಪಾಠ ಬೇರೆ. ಕೊನೆಯ ಗುಳಿ ಉಳಿದಾಗ ನೀನು ಕೇಳಿದೆ.

"ಅಕ್ಕಾ, ಬಿಸಿಲಿಗಿ ಹೋಗಲಾರದಂಥ ಕೆಂಪು ಹಾಕ್ರಿ. ಅವ್ವನ ಚಿತ್ರ ತೆಗೀಬೇಕಾಗೈತಿ. ಕುಂಕುಮ ಛಂದ ಕಾಣಬೇಕು."

ಅಂಥ ಕೆಂಪಿನ ಟ್ಯೂಬು ಅಂಗಡಿಯಲ್ಲಿ ಒಂದೇ ಇತ್ತು. ನನ್ನ ಡಬ್ಬಿಗೆಂದು ಗಲ್ಲಾದ ಹಿಂದೆ ಎತ್ತಿಟ್ಟಿದ್ದೆ. ನಿನ್ನ ಕೈ ನನ್ನ ಕೈಗಿಂತ ಚೆನ್ನಾಗಿತ್ತು — ಹೊಟ್ಟೆಕಿಚ್ಚು ಅಂತಲೇ ಅನ್ನುತ್ತೇನೆ, ಬೇರೆ ಹೆಸರೇಕೆ? ಒಂದೆರಡು ಬೇಸಿಗೆಗೆ ಹಾರಿಹೋಗುವ ಗುಲಾಬಿಗೆಂಪು ತುಂಬಿ, ಇದು ಪಕ್ಕಾ ಐತಿ, ಚಿಂತಿ ಬ್ಯಾಡ ಎಂದೆ. ನೀನು ನಂಬಿದೆ.

ಅವ್ವನ ಚಿತ್ರ ಬರೆದು ನೀನು ನಿಮ್ಮ ಪಡಸಾಲೆಯಲ್ಲಿ ಬಾಗಿಲಿಗೆದುರಾಗಿ ತೂಗುಹಾಕಿದೆ. ದಿನವೂ ಬಿಸಿಲು ಬೀಳುವ ಗೋಡೆ. ಕುಂಕುಮ ಮೆಲ್ಲಗೆ ಮಾಸುತ್ತ ಮಾಸುತ್ತ ಹಣೆ ಬರಿದಾಯಿತು. ತಿದ್ದಬೇಕೆಂದು ನೀನು ಅಂದುಕೊಳ್ಳುವಷ್ಟರಲ್ಲಿ — ನಿನ್ನ ಅಪ್ಪ ಕಬ್ಬಿನ ಹೊಲದಲ್ಲಿ ಎದೆ ಹಿಡಿದುಕೊಂಡು ಕುಸಿದವರು ಮತ್ತೆ ಏಳಲಿಲ್ಲ.

ಮಾತಾಡಿಸಿಕೊಂಡು ಹೋಗಲು ನಾನೂ ಬಂದಿದ್ದೆ. ಮನೆ ತುಂಬ ಬೀಗರು, ಬಿಜ್ಜರು. ಯಾರೋ ಒಬ್ಬರು ಗೋಡೆಯ ಕಡೆ ನೋಡಿದರು, ಆಮೇಲೆ ಎಲ್ಲರೂ ನೋಡಿದರು. ನಿನ್ನ ಅವ್ವ ಚಿತ್ರ ನೋಡಿ, ನಿನ್ನ ಮುಖ ನೋಡಿ ಅಂದರು — "ನಿನ್ನ ಕೈಲೇನ ನನ್ನ ಕುಂಕುಮ ಅಳಸಿದೆಲ್ಲ, ಮಗಳ."

ಬಣ್ಣ ಖೊಟ್ಟಿ ಇತ್ತು, ಕೊಟ್ಟಾಕಿ ನಾನು — ಇಷ್ಟೇ ಅನ್ನಬೇಕಿತ್ತು. ನೀನು ಒಮ್ಮೆ ನನ್ನ ಕಡೆ ನೋಡಿದೆ ಕೂಡ. ನಾನು ಸೆರಗು ತಲೆಯ ಮೇಲೆಳೆದುಕೊಂಡು ನೆಲ ನೋಡುತ್ತ ಕೂತೆ.

ಮುಂದೆ ನೀನು ಕುಂಚ ಮುಟ್ಟಲಿಲ್ಲ. ಮುತ್ತೈದೆಯರ ಕಾರ್ಯಕ್ಕೆ ರಂಗೋಲಿ ಹಾಕಲೂ ನಿನ್ನನ್ನು ಯಾರೂ ಕರೆಯಲಿಲ್ಲವಂತೆ. ಎಲ್ಲವೂ ನನ್ನ ಕಿವಿಗೆ ಬೀಳುತ್ತಿತ್ತು. ನಾಳೆ ಹೋಗಿ ಹೇಳೋಣ, ನಾಡಿದ್ದು ಹೇಳೋಣ... ಹೀಗೇ ವರ್ಷಗಳನ್ನು ಕಳೆದೆ, ಪಾಪಿ ನಾನು.

ಮೊನ್ನೆ ನಿನ್ನ ಅವ್ವನೂ ಹೋದರು. ಕೊನೆಗಾಲಕ್ಕೆ ಬಾಯಿಗೆ ನೀರು ಬಿಡಲು ನೀನು ಹತ್ತಿರ ಬಂದಾಗ ಅವರು ಮುಖ ಆಚೆ ತಿರುಗಿಸಿದರಂತೆ. ಅಂದು ನಾನೊಂದು ಮಾತು ಆಡಿದ್ದರೆ, ಮಾದೇವಿ, ಅವರು ನಿನ್ನ ಕೈಯ ನೀರು ಕುಡಿದು ಹೋಗುತ್ತಿದ್ದರು.